ಕೊಂಬು ಹೇಳಿದ ಸಾಕ್ಷಿ

ಒಟ್ಟೊ ಯಾನ್ ಎಂಬ ಜರ್ಮನ್ ವಿದ್ವಾಂಸ 1869ರಲ್ಲಿ ತೀರಿಕೊಂಡ. ಮೊಜಾರ್ಟನ ಬದುಕಿನ ಬಗ್ಗೆ ಮೊದಲ ದೊಡ್ಡ ವಿದ್ವತ್ ಗ್ರಂಥ ಬರೆದವನು ಆತ. ಅವನ ಸಂಗ್ರಹದಲ್ಲಿ ಒಂದು ಸಂಗೀತ ಕೃತಿಯ ನಕಲು ಪ್ರತಿ ಸಿಕ್ಕಿತು. ಓಬೊ, ಕ್ಲಾರಿನೆಟ್, ಹಾರ್ನ್, ಬಸೂನ್ ಈ ನಾಲ್ಕು ಊದುವಾದ್ಯಗಳು ಮುಂದೆ ನಿಂತು ನುಡಿಸುತ್ತವೆ. ಹಿಂದೆ ಪಿಟೀಲು ಬಳಗ, ಇನ್ನೆರಡು ಓಬೊ, ಇನ್ನೆರಡು ಹಾರ್ನ್ ಸೇರಿದ ಪುಟ್ಟ ವಾದ್ಯವೃಂದ. ಪೂರ್ತಿ ನುಡಿಸಲು ಸುಮಾರು ಅರ್ಧ ಗಂಟೆ ಬೇಕು. ಇಂಥ ರಚನೆಗೆ ಸಿನ್ಫೊನಿಯಾ ಕಾನ್ಸರ್ಟಾಂಟೆ ಎಂದು ಹೆಸರು. ಸಿಂಫನಿಗೂ ಕಾನ್ಸರ್ಟೊಗೂ ನಡುವೆ ನಿಲ್ಲುವ ಪ್ರಕಾರ ಇದು. ಒಬ್ಬನೇ ಮೆರೆಯುವ ಬದಲು ಹಲವರು ಹಂಚಿಕೊಂಡು ಮೆರೆಯುತ್ತಾರೆ. 1770ರ ದಶಕದ ಪ್ಯಾರಿಸ್ ಇದಕ್ಕೆ ಮನಸೋತಿತ್ತು.

ಯಾನ್ ಬಳಿ ಇದ್ದ ಪ್ರತಿಯಲ್ಲಿ ಮೊಜಾರ್ಟನ ಕೈಬರಹ ಒಂದಕ್ಷರವೂ ಇಲ್ಲ. ಯಾರೋ ನಕಲುಗಾರ ಬರೆದದ್ದು. ಆತ ಯಾವ ಮೂಲವನ್ನು ಎದುರಿಗಿಟ್ಟುಕೊಂಡಿದ್ದ ಎಂಬುದಕ್ಕೆ ದಾಖಲೆ ಉಳಿದಿಲ್ಲ. ಆದರೂ ಈ ಕೃತಿಯನ್ನು ಕಂಡವರಿಗೆ ತಕ್ಷಣ ನೆನಪಾದದ್ದು ಮೊಜಾರ್ಟ್ 1778ರಲ್ಲಿ ಪ್ಯಾರಿಸ್ಸಿನಿಂದ ತಂದೆಗೆ ಬರೆದ ಕಾಗದಗಳು.

ಆಗ ಅವನಿಗೆ 22 ವರ್ಷ. ಕೆಲಸ ಹುಡುಕಿಕೊಂಡು ತಾಯಿಯೊಡನೆ ಮಾರ್ಚ್ ಕೊನೆಯಲ್ಲಿ ಪ್ಯಾರಿಸ್ಸಿಗೆ ಬಂದಿದ್ದ. ತಾಯಿ ಜುಲೈ 3ರಂದು ಅಲ್ಲಿಯೇ ತೀರಿಕೊಂಡಳು. ಬಂದ ಹೊಸತರಲ್ಲಿ, ಏಪ್ರಿಲ್ 5ರ ಕಾಗದದಲ್ಲಿ, ತಾನೊಂದು ಸಿನ್ಫೊನಿಯಾ ಕಾನ್ಸರ್ಟಾಂಟೆ ಬರೆಯಲಿದ್ದೇನೆ ಎಂದು ಉತ್ಸಾಹದಿಂದ ತಿಳಿಸುತ್ತಾನೆ. ನುಡಿಸುವವರ ಹೆಸರನ್ನೂ ಕೊಡುತ್ತಾನೆ: ಕೊಳಲಿಗೆ ವೆಂಡ್ಲಿಂಗ್, ಓಬೊಗೆ ರಾಮ್, ಹಾರ್ನ್‌ಗೆ ಪುಂಟೊ, ಬಸೂನ್‌ಗೆ ರಿಟರ್. ಪುಂಟೊನ ನುಡಿಸಾಣಿಕೆ ಅವನನ್ನು ಬೆರಗುಗೊಳಿಸಿತ್ತು. ಕಾನ್ಸರ್ಟ್ ಸ್ಪಿರಿಚುಯೆಲ್ ಎಂಬ ಪ್ರಸಿದ್ಧ ಕಛೇರಿ ಮಾಲೆಯ ನಿರ್ದೇಶಕ ಲೆಗ್ರೊ ಈ ಕೃತಿಯನ್ನು ಕೊಂಡುಕೊಂಡ. ಆದರೆ ಅದು ಕಛೇರಿಗೆ ಬರಲೇ ಇಲ್ಲ. ಮೇ 1ರ ಕಾಗದದಲ್ಲಿ ಮೊಜಾರ್ಟನ ನೋವು ಕಾಣುತ್ತದೆ. ನಾಲ್ವರು ವಾದಕರೂ ಕೃತಿಗೆ ಮನಸೋತಿದ್ದಾರೆ, ಲೆಗ್ರೊ ಮಾತ್ರ ವಾದಕರಿಗೆ ಬೇಕಾದ ನಕಲು ಮಾಡಿಸದೆ ಇಟ್ಟುಕೊಂಡಿದ್ದಾನೆ, ಇದರ ಹಿಂದೆ ಕಾಂಬಿನಿ ಎಂಬ ಸಂಗೀತಗಾರನ ಕೈ ಇರಬೇಕು ಎಂಬ ಗುಮಾನಿ ಅವನದು. ಪ್ಯಾರಿಸ್ ಬಿಟ್ಟು ಊರಿಗೆ ಮರಳುವಾಗ ಅಕ್ಟೋಬರಿನಲ್ಲಿ ನಾನ್ಸಿಯಿಂದ ಬರೆಯುತ್ತಾನೆ: ಕೃತಿ ತನ್ನ ಬಳಿ ಮಾತ್ರ ಇದೆ ಎಂದು ಲೆಗ್ರೊ ತಿಳಿದಿದ್ದಾನೆ, ಆದರೆ ಅದು ನನ್ನ ತಲೆಯಲ್ಲಿ ಹಸಿಯಾಗಿಯೇ ಇದೆ, ಮನೆಗೆ ಹೋದೊಡನೆ ಮತ್ತೆ ಬರೆದಿಡುತ್ತೇನೆ. ಹಾಗೆ ಬರೆದಿಟ್ಟ ಪ್ರತಿ ಇಂದಿನವರೆಗೂ ಸಿಕ್ಕಿಲ್ಲ.

ಕಾಗದದಲ್ಲಿರುವುದು ಕೊಳಲು, ಓಬೊ, ಹಾರ್ನ್, ಬಸೂನ್. ಯಾನ್ ಪ್ರತಿಯಲ್ಲಿರುವುದು ಓಬೊ, ಕ್ಲಾರಿನೆಟ್, ಹಾರ್ನ್, ಬಸೂನ್. ಕೊಳಲು ಹೋಗಿದೆ, ಕ್ಲಾರಿನೆಟ್ ಬಂದಿದೆ. ಈ ಒಂದು ವ್ಯತ್ಯಾಸದಿಂದಾಗಿ ಕೃತಿಯ ಅದೃಷ್ಟ ಮೊಜಾರ್ಟ್ ಕೃತಿಗಳ ಕೋಷ್ಟಕದಲ್ಲಿ ಮೇಲೆ ಕೆಳಗೆ ಆಡಿತು. 1937ರ ಆವೃತ್ತಿಯಲ್ಲಿ ಆಲ್ಫ್ರೆಡ್ ಐನ್‌ಸ್ಟೈನ್ ಎಂಬ ಸಂಗೀತ ವಿದ್ವಾಂಸ ಅದಕ್ಕೆ 297ಬಿ ಎಂಬ ಗೌರವದ ಸಂಖ್ಯೆ ಕೊಟ್ಟ. 1964ರ ಆವೃತ್ತಿ ಅದನ್ನು ಅಲ್ಲಿಂದ ತೆಗೆದು ಅನುಮಾನಾಸ್ಪದ ಕೃತಿಗಳ ಅನುಬಂಧಕ್ಕೆ ಹಾಕಿತು. ಕೇಳುಗರಂತೂ ಯಾವ ಕಾಲಕ್ಕೂ ಅದನ್ನು ಬಿಟ್ಟುಕೊಟ್ಟಿಲ್ಲ.

ಕಾಗದಪತ್ರಗಳು ಇಷ್ಟು ಹೇಳಿ ಮೌನವಾಗುತ್ತವೆ. ಆದರೆ ಇನ್ನೊಂದು ಬಗೆಯ ಸಾಕ್ಷ್ಯ ಇದೆ, ಅದು ವಾದ್ಯಗಳ ಮೈಯಲ್ಲಿಯೇ ಇದೆ. ಒಂದು ಕೊಳವೆ ಯಾವ ಸ್ವರವನ್ನು ಸುಲಭವಾಗಿ ಕೊಡುತ್ತದೆ, ಯಾವುದನ್ನು ಕಷ್ಟಪಟ್ಟು ಕೊಡುತ್ತದೆ, ಯಾವುದನ್ನು ಕೊಡುವುದೇ ಇಲ್ಲ ಎಂಬುದು ಭೌತಶಾಸ್ತ್ರದ ಮಾತು. ನಕಲುಗಾರ ಹೆಸರು ಬದಲಿಸಬಲ್ಲ, ಕೊಳವೆಯ ಉದ್ದವನ್ನು ಬದಲಿಸಲಾರ.

ನಮ್ಮ ಮಲೆನಾಡು ಕರಾವಳಿಯ ಮಕ್ಕಳು ತೆಂಗಿನ ಗರಿಯಿಂದ ಮಾಡುವ ಪೀಪಿಯನ್ನು ನೆನಪಿಸಿಕೊಳ್ಳಿ. ಗರಿಯ ಎಸಳನ್ನು ಓರೆಯಾಗಿ ಸುತ್ತುತ್ತ ಹೋದರೆ ಬಾಯಿ ಅಗಲವಾಗುತ್ತ ಹೋಗುವ ಶಂಕುವಿನಂಥ ಕೊಳವೆ ಆಗುತ್ತದೆ. ಕಿರಿದಾದ ತುದಿಯನ್ನು ಬೆರಳಲ್ಲಿ ಒತ್ತಿ ಚಪ್ಪಟೆ ಮಾಡಿ ತುಟಿಗಿಟ್ಟು ಊದಿದರೆ ಎರಡು ಪದರಗಳು ಒಂದಕ್ಕೊಂದು ಬಡಿದು ಕೂಗುತ್ತವೆ. ತತ್ವದಲ್ಲಿ ಇದು ಓಬೊ. ಮದುವೆ ಮನೆಯ ನಾಗಸ್ವರವೂ ಇದೇ ಕುಲದ್ದು: ಶಂಕುವಿನಾಕಾರದ ಕೊಳವೆ, ತುದಿಯಲ್ಲಿ ಜೋಡಿ ರೀಡ್. ಬಸೂನ್ ಎಂಬುದು ಅದೇ ಶಂಕುವನ್ನು ಎರಡೂವರೆ ಮೀಟರ್ ಉದ್ದ ಮಾಡಿ ಮಡಚಿಟ್ಟದ್ದು. ಇನ್ನು ಪಪ್ಪಾಯಿ ಎಲೆಯ ಟೊಳ್ಳು ದಂಟಿನ ಮುಚ್ಚಿದ ತುದಿಯಲ್ಲಿ ಉದ್ದಕ್ಕೆ ಸೀಳಿ ಊದುವ ಪೀಪಿ ಬೇರೆ ಥರದ್ದು. ಅದು ಹೆಚ್ಚುಕಡಿಮೆ ಒಂದೇ ಅಗಲದ ಕೊಳವೆ, ಕ್ಲಾರಿನೆಟ್ಟಿಗೆ ಹತ್ತಿರ.

ಇಂದಿನ ವಾದ್ಯಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಪಾಶ್ಚಾತ್ಯ ಕೊಳಲು, ಓಬೊ, ಕ್ಲಾರಿನೆಟ್ ಮೂರೂ ಸುಮಾರು 65 ಸೆಂಟಿಮೀಟರ್ ಆಸುಪಾಸಿನವು. ಉದ್ದ ಒಂದೇ ಆದರೆ ಅತಿ ಕೆಳಗಿನ ಸ್ವರವೂ ಒಂದೇ ಆಗಬೇಕಲ್ಲವೇ? ಕೊಳಲಿನದು ಸುಮಾರು 262 ಹರ್ಟ್ಸ್, ಓಬೊದ್ದು 233, ಕ್ಲಾರಿನೆಟ್ಟಿನದು ಮಾತ್ರ 147. ಅಷ್ಟು ಆಳಕ್ಕೆ ಅದು ಇಳಿದದ್ದು ಹೇಗೆ?

ಕೊಳವೆಯೊಳಗೆ ಓಡಾಡುವ ಒಂದು ಒತ್ತಡದ ಅಲೆಯನ್ನು ಹಿಂಬಾಲಿಸೋಣ. ಕೊಳವೆಯ ತೆರೆದ ತುದಿ ಮುಟ್ಟಿದ ಅಲೆ ತಲೆಕೆಳಗಾಗಿ ಮರಳುತ್ತದೆ: ಒತ್ತಡ ಹೆಚ್ಚಿದ್ದದ್ದು ಕಡಿಮೆಯಾಗಿ ಹಿಂದಿರುಗುತ್ತದೆ. ಮುಚ್ಚಿದ ತುದಿ ಮುಟ್ಟಿದರೆ ಇದ್ದ ಹಾಗೆಯೇ ಪುಟಿಯುತ್ತದೆ. ಕೊಳಲಿಗೆ ಎರಡೂ ತುದಿ ತೆರೆದವು. ಅಲೆ ಹೋಗುವಾಗ ಒಮ್ಮೆ, ಬಂದಾಗ ಒಮ್ಮೆ ಮಗುಚಿ, ಒಂದೇ ಸುತ್ತಿಗೆ ಮೊದಲಿನ ಸ್ಥಿತಿಗೆ ಬರುತ್ತದೆ. ಕ್ಲಾರಿನೆಟ್ಟಿನಲ್ಲಿ ರೀಡ್ ಇರುವ ತುದಿ ಹೆಚ್ಚುಕಡಿಮೆ ಮುಚ್ಚಿದ್ದೇ ಸರಿ. ರೀಡ್ ಬಿಡುವ ಸಂದು ಅಷ್ಟು ಕಿರಿದು. ಅಲೆ ಒಂದು ಸುತ್ತು ಮುಗಿಸಿದಾಗ ಇನ್ನೂ ತಲೆಕೆಳಗಾಗಿಯೇ ಇರುತ್ತದೆ. ಮತ್ತೊಂದು ಸುತ್ತು ಹೋಗಿಬಂದ ಮೇಲಷ್ಟೇ ಮೊದಲಿನಂತಾಗುತ್ತದೆ. ತಾಳದ ಭಾಷೆಯಲ್ಲಿ ಹೇಳುವುದಾದರೆ, ಕೊಳಲಿನ ಆವರ್ತ ಮುಗಿಯುವಷ್ಟರಲ್ಲಿ ಕ್ಲಾರಿನೆಟ್ ಇನ್ನೂ ಅರ್ಧ ಆವರ್ತದಲ್ಲಿರುತ್ತದೆ. ಲೆಕ್ಕ ಹಾಕಿ: ಶಬ್ದದ ವೇಗ ಸೆಕೆಂಡಿಗೆ 343 ಮೀಟರ್, ಸ್ವರ 147 ಹರ್ಟ್ಸ್, ತರಂಗದೂರ 2.33 ಮೀಟರ್, ಅದರ ಕಾಲು ಭಾಗ 58 ಸೆಂಟಿಮೀಟರ್. ಬಾಯಿಯ ಅಗಲ ಭಾಗವನ್ನು ಬಿಟ್ಟರೆ ಕ್ಲಾರಿನೆಟ್ಟಿನ ಕೊಳವೆ ಇಷ್ಟೇ ಇದೆ.

ಓಬೊದಲ್ಲಿಯೂ ರೀಡ್ ಇರುವ ತುದಿ ಮುಚ್ಚಿದ್ದೇ. ಆದರೂ ಅದು ಕ್ಲಾರಿನೆಟ್ಟಿನಂತೆ ಆಳಕ್ಕೆ ಇಳಿಯದೆ ಕೊಳಲಿನಂತೆ ವರ್ತಿಸುತ್ತದೆ. ಕಾರಣ ಶಂಕು. ಅದರೊಳಗೆ ಅಲೆ ಗೋಳದ ತುಣುಕಿನಂತೆ ಹರಡುತ್ತ, ಮರಳುವಾಗ ಮೊನೆಯತ್ತ ಮುದುಡುತ್ತ ಸಾಗುತ್ತದೆ. ಮೊನೆಯನ್ನು ಹಾದು ಹೊರಬರುವಾಗ ಅದು ತಾನಾಗಿಯೇ ಮಗುಚಿಕೊಳ್ಳುತ್ತದೆ. ಹೀಗಾಗಿ ಮುಚ್ಚಿದ ಶಂಕು ತೆರೆದ ಕೊಳಲಿನ ಫಲವನ್ನೇ ಕೊಡುತ್ತದೆ. ನನ್ನ ಮಟ್ಟಿಗೆ ಧ್ವನಿಶಾಸ್ತ್ರದಲ್ಲಿ ಇದಕ್ಕಿಂತ ಸೊಗಸಾದ ವಿಷಯ ಕಡಿಮೆ. ಹಾಗಾದರೆ ಓಬೊಗೆ ಮೊನೆ ಎಲ್ಲಿದೆ? ಇಲ್ಲ, ಅಲ್ಲಿ ಕತ್ತರಿಸಿ ರೀಡ್ ಸಿಕ್ಕಿಸಿದ್ದಾರೆ. ಕತ್ತರಿಸಿ ಹೋದ ಮೊನೆಯಲ್ಲಿ ಇರಬೇಕಾಗಿದ್ದ ಗಾಳಿಯ ಪಾಲನ್ನು ರೀಡ್ ಒಳಗಿನ ಟೊಳ್ಳು ಮತ್ತು ಅದರ ಬಾಗುವ ಗುಣ ಎರಡೂ ಸೇರಿ ತುಂಬಿಕೊಡಬೇಕು. ಅದು ತುಸು ಹೆಚ್ಚುಕಡಿಮೆಯಾದರೂ ಮಂದ್ರಕ್ಕೂ ತಾರಕ್ಕೂ ಶ್ರುತಿ ಕೂಡುವುದಿಲ್ಲ. ಓಬೊ ವಾದಕರು ಜೊಂಡಿನ ಪಟ್ಟಿಯನ್ನು ಹಿಡಿದು ಚಾಕುವಿನಲ್ಲಿ ಕೂದಲೆಳೆಯಷ್ಟು ಹೆರೆಯುತ್ತ ಗಂಟೆಗಟ್ಟಲೆ ಕೂರುವುದು ಇದಕ್ಕಾಗಿ. ಇಲ್ಲದ ಮೊನೆಯೊಂದನ್ನು ಅವರು ಕೈಯಿಂದ ಕಟ್ಟುತ್ತಿರುತ್ತಾರೆ.

ಈ ಆಕಾರದ ಪರಿಣಾಮ ಕೆಳಗಿನ ಸ್ವರದಲ್ಲಿ ಮುಗಿಯುವುದಿಲ್ಲ. ಕೊಳಲು, ಓಬೊ, ಬಸೂನುಗಳಲ್ಲಿ ಮೂಲಸ್ವರದ ಎರಡು, ಮೂರು, ನಾಲ್ಕು ಪಟ್ಟಿನ ಸ್ವರಗಳೆಲ್ಲ ಹುಟ್ಟುತ್ತವೆ. ಕ್ಲಾರಿನೆಟ್ಟಿನ ಮಂದ್ರ ಭಾಗದಲ್ಲಿ ಒಂದು, ಮೂರು, ಐದು ಎಂಬ ಬೆಸ ಪಟ್ಟುಗಳಿಗೇ ಬಲ. ಆ ಟೊಳ್ಳಾದ, ಮರದ ಬೊಡ್ಡೆಯೊಳಗಿಂದ ಬಂದಂಥ ನಾದಕ್ಕೆ ಅದೇ ಕಾರಣ. ಬಲವಾಗಿ ಊದಿ ಮೇಲಿನ ಸ್ಥಾಯಿಗೆ ಹೋಗುವಾಗ ಕೊಳಲೂ ಓಬೊವೂ ಷಡ್ಜದಿಂದ ಮೇಲಿನ ಷಡ್ಜಕ್ಕೆ ಜಿಗಿಯುತ್ತವೆ. ಕ್ಲಾರಿನೆಟ್ ಮೇಲಿನ ಷಡ್ಜವನ್ನು ದಾಟಿ ಅದರಾಚೆಯ ಪಂಚಮಕ್ಕೆ ಹೋಗಿ ನಿಲ್ಲುತ್ತದೆ. ಬೆರಳಿನ ವಿನ್ಯಾಸವೇ ಬೇರೆಯಾಗುತ್ತದೆ. ಒಂದರಲ್ಲಿ ಸಲೀಸಾಗಿ ಬರುವ ಪಲುಕು ಇನ್ನೊಂದರಲ್ಲಿ ತೊಡಕಾಗುತ್ತದೆ.

ಉಸಿರಿನ ಲೆಕ್ಕವೂ ಬೇರೆ. ಕೊಳಲು ಗಾಳಿಯನ್ನು ಧಾರಾಳವಾಗಿ ಬೇಡುತ್ತದೆ. ಅರ್ಧ ಉಸಿರು ಹೊರಗೇ ಚೆಲ್ಲಿಹೋಗುತ್ತದೆ. ಓಬೊದ ಸಂದು ಎಷ್ಟು ಕಿರಿದೆಂದರೆ ವಾದಕನ ಎದೆಯಲ್ಲಿ ಗಾಳಿ ಖಾಲಿಯಾಗುವ ಮೊದಲೇ ಅದರೊಳಗಿನ ಆಮ್ಲಜನಕ ಮುಗಿಯುತ್ತದೆ. ಆತ ಮೊದಲು ಹಳಸಿದ ಗಾಳಿಯನ್ನು ಹೊರಗೆ ಬಿಟ್ಟು ಆಮೇಲೆ ಹೊಸತನ್ನು ಎಳೆದುಕೊಳ್ಳಬೇಕು. ಆದ್ದರಿಂದ ಓಬೊಗೆ ಬರೆಯುವವನು ಉದ್ದದ ಸಾಲು ಬರೆಯಬಹುದು, ಆದರೆ ಸಾಲುಗಳ ನಡುವೆ ಸಾಕಷ್ಟು ಬಿಡುವು ಇಡಬೇಕು.

ಈಗ ಯಾನ್ ಪ್ರತಿಯನ್ನು ಎದುರಿಗಿಟ್ಟುಕೊಂಡು ಯೋಚಿಸಿ. ಯಾರೋ ಒಬ್ಬ ಕೊಳಲಿನ ಸಾಲನ್ನು ಓಬೊಗೂ, ಓಬೊದ ಸಾಲನ್ನು ಕ್ಲಾರಿನೆಟ್ಟಿಗೂ ವರ್ಗಾಯಿಸಿದ್ದಾನೆ ಎಂದಿಟ್ಟುಕೊಳ್ಳೋಣ. ಕೊಳಲು ಓಬೊಗಿಂತ ಹಲವು ಸ್ವರ ಮೇಲೇರಬಲ್ಲದು; ಆ ಎತ್ತರಗಳನ್ನು ಅವನು ಮಡಚಬೇಕಾಗುತ್ತದೆ. ಕ್ಲಾರಿನೆಟ್ಟಿಗೆ ಓಬೊಗೆ ಇಲ್ಲದ ನೆಲಮಾಳಿಗೆಯಿದೆ. ಅಲ್ಲಿ ಓಡಾಡುವ ಸ್ವರಗಳೇನಾದರೂ ಕಂಡರೆ ಅವು ಮೂಲ ಓಬೊ ಸಾಲಿನಲ್ಲಿ ಇದ್ದಿರಲಾರವು. ಮೇಲಿನ ಎರಡು ವಾದ್ಯಗಳು ಹೀಗೆ ಕೈಬದಲಾದ ಸಾಕ್ಷಿಗಳು. ಕೆಳಗಿನ ಎರಡು, ಅಂದರೆ ಹಾರ್ನ್ ಮತ್ತು ಬಸೂನ್, ಕಾಗದದಲ್ಲಿಯೂ ಪ್ರತಿಯಲ್ಲಿಯೂ ಒಂದೇ. ಅವುಗಳ ಪೈಕಿ ಹಾರ್ನ್ ಎಂಬುದು ಇನ್ನೂ ಗಟ್ಟಿ ಸಾಕ್ಷಿ.

ಪುಂಟೊ ನುಡಿಸುತ್ತಿದ್ದ ಹಾರ್ನ್‌ಗೆ ಗುಂಡಿಯಿಲ್ಲ, ತೂತಿಲ್ಲ, ಕವಾಟವಿಲ್ಲ. ಕವಾಟಗಳು ಬಂದದ್ದು 1810ರ ದಶಕದಲ್ಲಿ, ಸ್ಟೋಲ್ಜೆಲ್ ಮತ್ತು ಬ್ಲೂಮೆಲ್ ಎಂಬಿಬ್ಬರಿಂದ. ಅದಕ್ಕೆ ಮೊದಲು ಹಾರ್ನ್ ಎಂದರೆ ಸುರುಳಿ ಸುತ್ತಿದ ಹಿತ್ತಾಳೆಯ ಕೊಳವೆ ಅಷ್ಟೇ, ನಮ್ಮ ಜಾತ್ರೆಯ ಕೊಂಬು ಕಹಳೆಗಳ ನೆಂಟ. ತುಟಿಯೇ ರೀಡ್. ಇ-ಫ್ಲಾಟ್ ಶ್ರುತಿಯ ಹಾರ್ನನ್ನು ಬಿಡಿಸಿ ನೀಳ ಮಾಡಿದರೆ ನಾಲ್ಕು ಮೀಟರಿಗೂ ಮಿಕ್ಕುತ್ತದೆ. ಅದರ ಮೂಲಸ್ವರ ಸುಮಾರು 39 ಹರ್ಟ್ಸ್. ಅದರ ಪೂರ್ಣ ಪಟ್ಟುಗಳಷ್ಟೇ ಕೊಳವೆಯಿಂದ ಸಹಜವಾಗಿ ಹೊರಡುತ್ತವೆ.

ಎಂಟನೆಯ ಪಟ್ಟನ್ನು ಷಡ್ಜ ಎಂದು ಇಟ್ಟುಕೊಳ್ಳಿ. ಒಂಬತ್ತನೆಯದು ಚತುಶ್ರುತಿ ರಿಷಭ. ಹತ್ತನೆಯದು ಅಂತರ ಗಾಂಧಾರ. ಚೆನ್ನಾಗಿ ಶ್ರುತಿ ಮಾಡಿದ ತಂಬೂರಿಯ ಮಂದ್ರ ತಂತಿಯಿಂದ ಯಾರೂ ಮೀಟದೆಯೇ ಕೇಳಿಬರುವುದು ಇದೇ ಗಾಂಧಾರ, ಐದನೆಯ ಪಟ್ಟಿನ ರೂಪದಲ್ಲಿ. ಹನ್ನೆರಡನೆಯದು ಪಂಚಮ. ಹದಿನೈದನೆಯದು ಕಾಕಲಿ ನಿಷಾದ, ಹದಿನಾರನೆಯದು ಮೇಲಿನ ಷಡ್ಜ. ತೊಡಕಿರುವುದು ಉಳಿದವುಗಳಲ್ಲಿ. ಹನ್ನೊಂದನೆಯ ಪಟ್ಟು ಶುದ್ಧ ಮಧ್ಯಮಕ್ಕೂ ಪ್ರತಿ ಮಧ್ಯಮಕ್ಕೂ ಸರಿ ನಡುವೆ ಬಂದು ನಿಲ್ಲುತ್ತದೆ. ಹದಿಮೂರನೆಯದು ಎರಡು ಧೈವತಗಳ ನಡುವೆ. ಹದಿನಾಲ್ಕನೆಯದು ಕೈಶಿಕಿ ನಿಷಾದಕ್ಕಿಂತ ಸ್ಪಷ್ಟವಾಗಿ ಇಳಿದಿರುತ್ತದೆ.

ಇದಕ್ಕೆ ಉಪಾಯ ಸಿಕ್ಕಿದ್ದು ಡ್ರೆಸ್ಡನ್ನಿನಲ್ಲಿ, 18ನೆಯ ಶತಮಾನದ ನಡುವಿನಲ್ಲಿ. ಅಲ್ಲಿನ ಹಾರ್ನ್ ವಾದಕ ಹಾಂಪೆಲ್ ವಾದ್ಯದ ಅಗಲ ಬಾಯಿಯೊಳಗೆ ಬಲಗೈಯನ್ನು ಇಟ್ಟು ನುಡಿಸುವ ಕ್ರಮವನ್ನು ಬೆಳೆಸಿದ. ಕೈಯನ್ನು ಒಳಕ್ಕೆ ಸರಿಸಿ ಬಾಯಿ ಕಿರಿದು ಮಾಡಿದಂತೆ ಸ್ವರ ಇಳಿಯುತ್ತದೆ. ಹನ್ನೊಂದನೆಯ ಪಟ್ಟನ್ನು ಇಳಿಸಿದರೆ ಶುದ್ಧ ಮಧ್ಯಮ ಸಿಗುತ್ತದೆ. ಸಿಗುವುದು ಪುಕ್ಕಟೆಯಾಗಿ ಅಲ್ಲ: ಕೈ ಮುಚ್ಚಿದ ಸ್ವರ ಮಬ್ಬಾಗುತ್ತದೆ, ಪಕ್ಕದ ಕೋಣೆಯಿಂದ ಬಂದಂತೆ ಕೇಳುತ್ತದೆ. ಹಾಂಪೆಲ್‌ನ ಶಿಷ್ಯನೇ ಪುಂಟೊ. ಹುಟ್ಟು ಹೆಸರು ಯಾನ್ ವಾಕ್ಲಾವ್ ಸ್ಟಿಕ್, ಬೊಹೀಮಿಯಾದವನು. ಸಾಕುತ್ತಿದ್ದ ಕೌಂಟ್ ಥುನ್‌ನ ಸೇವೆಯಿಂದ 20ನೆಯ ವಯಸ್ಸಿನಲ್ಲಿ ಓಡಿಹೋಗಿ, ಹೆಸರನ್ನು ಇಟಾಲಿಯನ್ ಮಾಡಿಕೊಂಡ. ಹಿಡಿದು ತರಲಾಗದಿದ್ದರೆ ಅವನ ಮುಂದಿನ ಹಲ್ಲು ಮುರಿಯಿರಿ ಎಂದು ಕೌಂಟ್ ಆಳುಗಳನ್ನು ಕಳಿಸಿದ್ದನೆಂದು ಕಥೆಯಿದೆ. ಹಲ್ಲು ಹೋದರೆ ಹಾರ್ನ್ ವಾದಕನ ಬಾಳೇ ಹೋಯಿತು. 1800ರಲ್ಲಿ ಬೇಥೊವನ್ ತನ್ನ ಹಾರ್ನ್ ಸೊನಾಟ ಬರೆದದ್ದು ಇದೇ ಪುಂಟೊಗಾಗಿ.

ಇಂಥ ವಾದ್ಯಕ್ಕೆ ಬರೆಯುವವನು ಪ್ರತಿ ಸ್ವರಕ್ಕೂ ಎರಡು ಪ್ರಶ್ನೆ ಕೇಳಿಕೊಳ್ಳಬೇಕು: ಇದು ಕೊಳವೆಯಲ್ಲಿದೆಯೇ? ಇಲ್ಲದಿದ್ದರೆ, ಮಬ್ಬಾಗಿ ಕೇಳಿದರೂ ಇಲ್ಲಿ ಸೊಗಸೇ? ಹಾರ್ನ್ ಸಾಲನ್ನು ಬೇರೆ ಶ್ರುತಿಗೆ ಎತ್ತಿಟ್ಟರೆ ಬೆಳಕಿನ ಸ್ವರಗಳಿದ್ದಲ್ಲಿ ನೆರಳು, ನೆರಳಿದ್ದಲ್ಲಿ ಬೆಳಕು ಬೀಳುತ್ತದೆ. ಆದ್ದರಿಂದ ಕೃತಿ ಇ-ಫ್ಲಾಟ್ ಶ್ರುತಿಯಲ್ಲಿದೆ ಎಂಬುದರಲ್ಲಿ ಹಾರ್ನ್‌ನ ಮಾತು ನಡೆದಿದೆ. ಆ ಶ್ರುತಿ ಹಾರ್ನ್‌ಗೆ ಒಪ್ಪುವಂಥದ್ದು. ಮೊಜಾರ್ಟ್ ಮುಂದೆ ಬರೆದು ಪೂರ್ಣಗೊಳಿಸಿದ ಮೂರು ಹಾರ್ನ್ ಕಾನ್ಸರ್ಟೊಗಳೂ ಅದರಲ್ಲಿಯೇ ಇವೆ.

ಇಲ್ಲಿಯೇ ಒಂದು ಬಿರುಕೂ ಕಾಣುತ್ತದೆ. ಯಾನ್ ಪ್ರತಿಯ ಕೃತಿಯಲ್ಲಿ ಮೂರು ಭಾಗಗಳಿವೆ: ವೇಗದ ಮೊದಲ ಭಾಗ, ನಿಧಾನದ ಅಡಾಜಿಯೊ, ಕೊನೆಗೆ ಹತ್ತು ಮಾರ್ಪಾಡುಗಳಿರುವ ಒಂದು ಹಾಡಿನಂಥ ಭಾಗ. ಮೂರೂ ಇ-ಫ್ಲಾಟ್‌ನಲ್ಲಿಯೇ ಇವೆ. ಮೊಜಾರ್ಟನ ಕಾನ್ಸರ್ಟೊ ಪ್ರಪಂಚ ಬಲ್ಲವರಿಗೆ ಇದು ಕಣ್ಣಿಗೆ ರಾಚುತ್ತದೆ. ನಡುವಿನ ಭಾಗಕ್ಕೆ ಆತ ಶ್ರುತಿ ಬದಲಿಸದೆ ಇರುವವನಲ್ಲ. ಪಾಪ, ಹಾರ್ನ್‌ನ ಕಟ್ಟುಪಾಡು ಇತ್ತಲ್ಲ ಎಂದು ಅವನ ಪರವಾಗಿ ವಾದಿಸಬಹುದು. ಆದರೆ ಅವನದೇ ಹಾರ್ನ್ ಕಾನ್ಸರ್ಟೊಗಳು ಆ ವಾದವನ್ನು ಕೆಡವುತ್ತವೆ. ಅವುಗಳ ನಡುವಿನ ಭಾಗಗಳು ಬಿ-ಫ್ಲಾಟ್ ಅಥವಾ ಎ-ಫ್ಲಾಟ್‌ನಲ್ಲಿವೆ. ವಾದಕ ಇ-ಫ್ಲಾಟ್ ಕೊಳವೆಯನ್ನೇ ಹಿಡಿದು, ಪಂಚಮವನ್ನೋ ಮಧ್ಯಮವನ್ನೋ ಷಡ್ಜ ಮಾಡಿಕೊಂಡು ಹಾಡುತ್ತಾನೆ. ಅಂದರೆ ದಾರಿ ಇತ್ತು, ಮೊಜಾರ್ಟನಿಗೆ ಅದು ಗೊತ್ತಿತ್ತು. ಮೊದಲ ಭಾಗದಲ್ಲಿ ವಿಷಯ ಮಂಡನೆ ಮೂರು ಸಲ ಬರುವುದು, ಕೊನೆಯ ಭಾಗದಲ್ಲಿ ಪ್ರತಿ ಮಾರ್ಪಾಡಿನ ನಂತರ ವಾದ್ಯವೃಂದ ಅದೇ ತುಣುಕನ್ನು ಮತ್ತೆ ಮತ್ತೆ ಹೇಳುವುದು ನನಗಂತೂ ಅವನ ಕೈಯದೆನಿಸುವುದಿಲ್ಲ.

1970ರ ದಶಕದಲ್ಲಿ ಇಬ್ಬರು ಈ ಅನಿಸಿಕೆಗಳನ್ನು ಎಣಿಕೆಗೆ ಒಡ್ಡಿದರು. ಒಬ್ಬರು ಪಿಯಾನೊ ವಾದಕ, ವಿದ್ವಾಂಸ ರಾಬರ್ಟ್ ಲೆವಿನ್. ಇನ್ನೊಬ್ಬರು ಕ್ಲಾರಿನೆಟ್ ಬಳಗದ ವಾದ್ಯಗಳನ್ನು ನುಡಿಸುತ್ತಿದ್ದ ಡೇನಿಯಲ್ ಲೀಸನ್. ಮೊಜಾರ್ಟನದೆಂದು ನಿಸ್ಸಂದೇಹವಾಗಿ ಗೊತ್ತಿರುವ ಕಾನ್ಸರ್ಟೊಗಳನ್ನು ಮುಂದಿಟ್ಟುಕೊಂಡು, ವಾದ್ಯವೃಂದ ಎಷ್ಟು ಹೊತ್ತು ನುಡಿಸುತ್ತದೆ, ಏಕವಾದಕ ಎಷ್ಟು ಹೊತ್ತು, ಭಾಗ ಭಾಗಗಳ ಪ್ರಮಾಣವೇನು ಎಂಬುದನ್ನೆಲ್ಲ ಅವರು ಅಳೆದರು. ಬರಹಗಾರನ ವಾಕ್ಯದ ಉದ್ದದಂತೆ ಇದೂ ಅರಿವಿಲ್ಲದೆ ಮೂಡುವ ಬೆರಳಚ್ಚು. ನಂತರ ಯಾನ್ ಪ್ರತಿಯನ್ನು ಅದರ ಪಕ್ಕದಲ್ಲಿ ಇಟ್ಟರು. ನಾಲ್ಕು ಏಕವಾದ್ಯಗಳ ಭಾಗಗಳು ಮೊಜಾರ್ಟನ ಅಳತೆಗೆ ಹೊಂದಿದವು. ವಾದ್ಯವೃಂದದ ಭಾಗಗಳು ಹೊಂದಲಿಲ್ಲ. ಅವರ ತೀರ್ಮಾನ ಹೀಗಿತ್ತು: ಪ್ಯಾರಿಸ್ಸಿನ ಕೃತಿಯ ಏಕವಾದ್ಯ ಸಾಲುಗಳು ಹೇಗೋ ಉಳಿದುಬಂದಿವೆ. ಯಾರೋ ಅವುಗಳಲ್ಲಿ ಕೊಳಲನ್ನು ಓಬೊಗೆ, ಓಬೊವನ್ನು ಕ್ಲಾರಿನೆಟ್ಟಿಗೆ ದಾಟಿಸಿ, ಕಳೆದುಹೋದ ವಾದ್ಯವೃಂದವನ್ನು ತಾನೇ ಕಟ್ಟಿದ್ದಾನೆ. ಲೆವಿನ್ 1988ರಲ್ಲಿ ಇದನ್ನೇ ಒಂದು ಇಡೀ ಪುಸ್ತಕವಾಗಿ ಬರೆದರು. ಎಲ್ಲರೂ ಒಪ್ಪಿಲ್ಲ, ಇದು ಮೊಜಾರ್ಟನದೇ ಅಲ್ಲ ಎನ್ನುವ ವಿದ್ವಾಂಸರು ಇಂದಿಗೂ ಇದ್ದಾರೆ. ನಾನು ಲೆವಿನ್ ಕಡೆಗೆ ವಾಲುತ್ತೇನೆ. ನನ್ನನ್ನು ಒಪ್ಪಿಸಿದ್ದು ಅಂಕಿಗಳಿಗಿಂತ ಹೆಚ್ಚಾಗಿ ಅಡಾಜಿಯೊ.

ಅದರಲ್ಲಿ ನಾಲ್ಕು ವಾದ್ಯಗಳು ಒಂದೇ ಮಾತನ್ನು ಒಂದರಿಂದೊಂದು ಎತ್ತಿಕೊಳ್ಳುತ್ತವೆ. ಹೀಗೆ ಕೈ ದಾಟಿಸುವಾಗ ಬಣ್ಣ ಬದಲಾಗಬೇಕು, ಎಳೆ ಕಡಿಯಬಾರದು. ಇದಕ್ಕೂ ಭೌತಶಾಸ್ತ್ರದ ನೆರವಿದೆ. ಮನುಷ್ಯನ ಸ್ವರಾಕ್ಷರಗಳಂತೆ ವಾದ್ಯಗಳಿಗೂ ತಮ್ಮ ತಮ್ಮ ನೆಚ್ಚಿನ ಕಂಪನ ಪಟ್ಟಿಗಳಿವೆ. ಬಸೂನಿಗೆ ಸುಮಾರು 500 ಹರ್ಟ್ಸ್ ಬಳಿ, ಹಾರ್ನ್‌ಗೆ ಅದಕ್ಕಿಂತ ತುಸು ಕೆಳಗೆ, ಓಬೊಗೆ 1000 ಹರ್ಟ್ಸ್ ಆಸುಪಾಸಿನಲ್ಲಿ ದನಿ ಉಬ್ಬುತ್ತದೆ. ಹಾರ್ನ್ ಮತ್ತು ಬಸೂನುಗಳ ಪಟ್ಟಿಗಳು ಇಷ್ಟು ನೆರೆಯವಾದ್ದರಿಂದ ಅವೆರಡು ಕೂಡಿ ನುಡಿದಾಗ ಕಿವಿ ಎರಡನ್ನು ಬೇರ್ಪಡಿಸಲಾರದೆ ಸೋಲುತ್ತದೆ. ಓಬೊ ಹೊರಗುಳಿದು ಗೆರೆ ಎಳೆದಂತೆ ಕೇಳುತ್ತದೆ. ಇದನ್ನೆಲ್ಲ ಹರ್ಟ್ಸ್‌ನಲ್ಲಿ ಅಳೆಯುವ ಉಪಕರಣ 1778ರಲ್ಲಿ ಇರಲಿಲ್ಲ. ಆದರೆ ಪ್ಯಾರಿಸ್ಸಿಗೆ ಬರುವ ಮುನ್ನ ಮ್ಯಾನ್‌ಹೈಮ್ ನಗರದ ವಾದಕರ ನಡುವೆ ಚಳಿಗಾಲ ಕಳೆದುಬಂದ ಮೊಜಾರ್ಟನ ಕಿವಿಯಿತ್ತು.

ಲೆವಿನ್ ಮೂಲ ವಾದ್ಯಗಳಿಗಾಗಿ ಕೃತಿಯನ್ನು ಮರಳಿ ಕಟ್ಟಿದರು. ನೆವಿಲ್ ಮ್ಯಾರಿನರ್ ನಿರ್ದೇಶನದಲ್ಲಿ 1980ರ ದಶಕದಲ್ಲಿ ಅದರ ಧ್ವನಿಮುದ್ರಣವೂ ಆಯಿತು. ಕೊಳಲಿಗೆ ಔರೆಲ್ ನಿಕೊಲೆ, ಓಬೊಗೆ ಹೈನ್ಸ್ ಹೊಲಿಗರ್, ಹಾರ್ನ್‌ಗೆ ಹರ್ಮನ್ ಬೌಮನ್, ಬಸೂನ್‌ಗೆ ಕ್ಲೌಸ್ ಟೂನೆಮನ್. ಯಾನ್ ಪ್ರತಿಯ ಯಾವುದಾದರೂ ಒಳ್ಳೆಯ ಮುದ್ರಣದಲ್ಲಿ ಅಡಾಜಿಯೊ ಕೇಳಿ, ಬೆನ್ನಿಗೇ ಇದನ್ನು ಕೇಳಿ. ಮೇಲೆ ಓಬೊ ಇದ್ದಲ್ಲಿ ಕೊಳಲಿನ ಉಸಿರು ಹರಡಿಕೊಳ್ಳುತ್ತದೆ. ಕ್ಲಾರಿನೆಟ್ಟಿನ ಟೊಳ್ಳು ದನಿ ಇದ್ದಲ್ಲಿ ಓಬೊದ ಮೊನಚು ಬರುತ್ತದೆ. ಕೆಳಗೆ ಹಾರ್ನ್ ಎರಡರಲ್ಲಿಯೂ ಅದೇ ಇ-ಫ್ಲಾಟ್‌ನಲ್ಲಿ, ಅದೇ ನಾಲ್ಕು ಮೀಟರಿನ ಕೊಳವೆಗೆ ಹೊಂದುವ ಸ್ವರಗಳ ಮೇಲೆ, ತನ್ನ ಸರದಿ ಬಂದಾಗ ಹಾಡನ್ನು ಎತ್ತಿಕೊಳ್ಳುತ್ತದೆ.